ನನ್ನ ಹೆಸರಿಗೆ ನಾಲ್ಕು ಚಕ್ರ

ಆಗಸ್ಟ್ 5, ಸೋಮವಾರ

ಇವತ್ತೂ ರೈಲನ್ನು ಹನಕೆರೆಯಲ್ಲಿ ನಿಲ್ಲಿಸಿಬಿಟ್ಟರು. ಮಂಡ್ಯಕ್ಕೆ ಹೋಗುವಷ್ಟರಲ್ಲಿ ಲೇಟು. ಲ್ಯಾಬಿನಲ್ಲಿ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬಂದವರೆಲ್ಲ ನನ್ನನ್ನೇ ತಿನ್ನುವ ಹಾಗೆ ನೋಡಿದರು. ಸಂಜೆ ಮದ್ದೂರಿನಲ್ಲಿ ಬಸ್ಸಿಲ್ಲ. ಶೇರ್ ಆಟೋದಲ್ಲಿ ಮುದುಡಿಕೊಂಡು ಬೆಸಗರಹಳ್ಳಿ ಸೇರಿದೆ. ಚಪ್ಪಲಿ ಬಿಡುವ ಮೊದಲೇ ಇವರು — "ರೂಪಾ, ಇಲ್ ಬಾ. ಈ ವಿಡಿಯೋ ನೋಡು."

ಮತ್ತೆ ಏಟಿವಿ. ನಾಲ್ಕು ದಪ್ಪ ಚಕ್ರದ ಬೈಕು. ಕಲ್ಲು, ಕೆಸರು, ಹಳ್ಳ ಎಲ್ಲ ಹತ್ತುತ್ತದಂತೆ. ಮಳವಳ್ಳಿ ರಸ್ತೆಯಲ್ಲಿ ಲೈಟಿಲ್ಲದೆ ನಿಂತಿದ್ದ ಕಬ್ಬಿನ ಟ್ರ್ಯಾಕ್ಟರಿಗೆ ಬೈಕು ಗುದ್ದಿದ ಮೇಲೆ ಇವರ ಎಡಗಾಲಿನ ಗಂಟಿನಲ್ಲಿ ಪ್ಲೇಟು ಕೂತಿದೆ. ಆ ಕಾಲು ಊರಿ ಎರಡು ಚಕ್ರದ ಗಾಡಿ ಹಿಡಿಯಲಾಗುವುದಿಲ್ಲ. ನಾಲ್ಕು ಚಕ್ರಕ್ಕೆ ಕಾಲು ಊರುವುದೇ ಬೇಡವಲ್ಲ ಅಂತ ತಲೆಗೆ ಹುಳ ಬಿಟ್ಟವನು ಪುಟ್ಟರಾಜು, ಇವರ ಗೆಳೆಯ. ಮೊದಲು ಭಾನುವಾರ ಬಂತೆಂದರೆ ಇಬ್ಬರೂ ಬೈಕು ಹತ್ತಿ ಕಲ್ಲುಗುಡ್ಡ, ಶಿಂಷಾ ದಂಡೆ ಅಂತ ಜಾಡು ಹಿಡಿದು ಹೋಗುತ್ತಿದ್ದರು.

ಈಗ ವರ್ಷದ ಮೇಲಾಯಿತು. ಕುರ್ಚಿ, ಟಿವಿ, "ರೂಪಾ". ಮೋಟಾರ್ ರಿಪೇರಿ ಅಂಗಡಿಯ ಬಾಗಿಲು ತೆಗೆದರೆ ತೆಗೆದರು, ಇಲ್ಲದಿದ್ದರೆ ಇಲ್ಲ. ಯಾವ ಗಾಡಿಯಾದರೂ ಆಗಲಿ, ಹತ್ತಿಕೊಂಡು ಹೋಗಲಿ ಮಹಾರಾಯರು. ಭಾನುವಾರ ಒಂದೆರಡು ಗಂಟೆ ಈ ಮನೆಯಲ್ಲಿ ಯಾರೂ ನನ್ನ ಹೆಸರು ಕೂಗಬಾರದು. ನನಗೆ ಬೇಕಾಗಿರುವುದು ಅಷ್ಟೇ.

ಆಗಸ್ಟ್ 11, ಭಾನುವಾರ

ಪುಟ್ಟರಾಜು ಕಾರಿನಲ್ಲಿ ಮಳವಳ್ಳಿಗೆ. ಯಾರದೋ ತೋಟದಲ್ಲಿ ಸೆಕೆಂಡ್ ಹ್ಯಾಂಡ್ ಗಾಡಿ. ಬಿಸಿಲು. ತಲೆನೋವು. ಹೋಗಿ ನೋಡಿದರೆ ಗೇರಿನದು. ಗೇರು ಹಾಕಬೇಕಾದ್ದು ಎಡಗಾಲಲ್ಲಿ.

"ಅದನ್ನ ಫೋನಲ್ಲೇ ಕೇಳಬಾರ್ದಿತ್ತೇನ್ರಿ?" ಅಂದೆ.

"ನೋಡುದ್ರೆ ತಾನೆ ಗೊತ್ತಾಗೋದು?" ಅಂದರು.

ಇದ್ದ ಒಂದು ರಜೆ ಹೋಯಿತು. ಬಟ್ಟೆ ಇನ್ನೂ ನೆನೆದೇ ಇದೆ.

ಸೆಪ್ಟೆಂಬರ್ 1, ಭಾನುವಾರ

ಮಂಡ್ಯದ ಅಂಗಡಿ. ವಾರವೆಲ್ಲ ಮಂಡ್ಯ, ರಜೆಯಲ್ಲೂ ಮಂಡ್ಯ.

ಎರಡಿದ್ದವು. ಚಿಕ್ಕದು, ದೊಡ್ಡದು. ಎರಡೂ ಆಟೋಮ್ಯಾಟಿಕ್, ಕಾಲಿನ ಕೆಲಸವಿಲ್ಲ. ಹ್ಯಾಂಡಲ್ ಪಕ್ಕದ ಗುಂಡಿಯಂಥದ್ದನ್ನು ಹೆಬ್ಬೆರಳಲ್ಲಿ ಒತ್ತಿದರೆ ಮುಂದಕ್ಕೆ ಹೋಗುತ್ತದೆ, ಅದೇ ಥ್ರಾಟಲ್. ರೋಡಿಗೆ ಇಳಿಸುವಂತಿಲ್ಲ, ನಂಬರ್ ಕೊಡುವುದಿಲ್ಲ, ತೋಟ ಮತ್ತು ಜಾಡಿಗೆ ಮಾತ್ರ ಅಂತ ಅಂಗಡಿಯವರು ಮೊದಲೇ ಹೇಳಿದರು. ಹಿಂದಿನ ಬಯಲಲ್ಲಿ ಓಡಿಸಿ ನೋಡಿ ಅಂದರು.

ಇವರು ಚಿಕ್ಕದನ್ನು ಹತ್ತಿದರು. ಇಂಜಿನ್ ಸ್ಟಾರ್ಟ್. ಹೆಬ್ಬೆರಳು ಇಟ್ಟರು. ಇಟ್ಟುಕೊಂಡೇ ಇದ್ದರು... ಆಫ್ ಮಾಡಿ ಇಳಿದರು. "ಸೀಟು ಎತ್ತರ ಆಯ್ತು." ದೊಡ್ಡದು? "ಅಗಲ ಜಾಸ್ತಿ, ಕಬ್ಬಿನ್ ಗದ್ದೆ ಮಧ್ಯೆ ಇಡ್ಸಲ್ಲ." ಅದರ ಮೇಲೆ ಕೂರಲೂ ಇಲ್ಲ.

ಪುಟ್ಟರಾಜುಗೆ ರೇಗಿತು. "ಲೇ ಶಸಿ, ಎಣ್ಣ್ ನೋಡಕ್ ಓದಂಗಾಯ್ತು ಕಣ್ಲಾ ನಿಂದು. ಮೂಗ್ ಸರಿ ಇಲ್ಲ, ಕಣ್ಣ್ ಸರಿ ಇಲ್ಲ ಅನ್ಕಂಡು. ಅತ್ತು ಬೇಕಾದ್ರೆ, ಇಲ್ದಿದ್ರೆ ಬುಡು!"

ವಾಪಸ್ ಬರುವಾಗ ಮದ್ದೂರಿನಲ್ಲಿ ವಡೆ ತಿಂದೆವು. ಯಾರಿಗೂ ಹಸಿವಿರಲಿಲ್ಲ.

ಸೆಪ್ಟೆಂಬರ್ 13, ಶುಕ್ರವಾರ

ಅತ್ತೆ ಹಟ ಹಿಡಿದು ಎಲ್ಲರನ್ನೂ ಪಟ್ಟಲಮ್ಮನ ಗುಡಿಗೆ ಹೊರಡಿಸಿದರು. "ನೀವ್ ಏನಾರ ಅನ್ಕಳಿ, ಅವ್ವುನ್ನ ಕೇಳ್ದೆ ಇನ್ನೊಂದ್ ಗಾಡಿ ಈ ಮನೆ ಬಾಗ್ಲಿಗೆ ಬರಂಗಿಲ್ಲ." ಅರ್ಧ ದಿನ ರಜೆ ಹಾಕಿದೆ. ಇನ್ನೂ ಯಾವ ಗಾಡಿ ಅಂತಲೇ ತೀರ್ಮಾನವಾಗಿಲ್ಲ, ಇದೊಂದು.

ಪೂಜಾರಿ ಕೆಂಪಸಿದ್ದಯ್ಯ ದೇವಿಯ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿದರು. ಬಲದ ಹೂ ಬಿದ್ದರೆ ಆಗಲಿ, ಎಡದ್ದು ಬಿದ್ದರೆ ಬೇಡ. ಅತ್ತೆ ಸೆರಗೊಡ್ಡಿ ಕೇಳಿದರು, "ನಮ್ ಶಸಿ ಎಸ್ರಲ್ಲಿ ಗಾಡಿ ತಗಳಾನಾ ತಾಯಿ?" ಕೂತೆವು. ಕಾಲು ಜೋಮು ಹಿಡಿಯಿತು. ಎಡದ ಹೂ ಬಿತ್ತು.

ಎಲ್ಲರೂ ದೇವಿಯನ್ನು ನೋಡುತ್ತಿದ್ದರು. ನಾನು ಯಾಕೋ ಇವರ ಮುಖ ನೋಡಿದೆ. ಬೇಜಾರೇ ಇಲ್ಲ. ಹೊತ್ತಿದ್ದ ಮೂಟೆ ಇಳಿಸಿದವರ ಹಾಗೆ ಉಸಿರು ಬಿಟ್ಟರು.

ಅತ್ತೆ ಸೋಲುವವರಲ್ಲ. ಹೊಸ ಹೂ ಅಂಟಿಸಲು ಹೇಳಿದರು. "ಸೊಸೆ ಎಸ್ರಲ್ಲಾದ್ರೆ?" ಅಂದದ್ದೇ ತಡ, ಬಲದ ಹೂ ಬಿತ್ತು. ಕೆಂಪಸಿದ್ದಯ್ಯ ಅದನ್ನು ನನ್ನ ಕೈಗಿಟ್ಟರು.

"ನನಗ್ಯಾಕತ್ತೆ ಇದು?"

"ಅವ್ವ ಕೊಟ್ಟವ್ಳೆ. ಸುಮ್ಕೆ ಮುಡ್ಕೊ ಮಗ."

ನಗು ಬಂತು. ನಂಬರೇ ಇಲ್ಲದ ಗಾಡಿಗೆ ಯಾರ ಹೆಸರು? ಬಿಲ್ಲಲ್ಲಿ ಬರೆಸೋದಂತೆ.

ಸೆಪ್ಟೆಂಬರ್ 15, ಭಾನುವಾರ

ಕೇಳಿಯೇ ಬಿಟ್ಟೆ. ಬಟ್ಟೆ ಹಿಂಡುತ್ತಾ, ಮುಖ ನೋಡದೆ. "ಓಡಿಸೋಕೆ ಭಯಾನಾ ನಿಮಗೆ?"

ಬಕೆಟ್ಟಿನಿಂದ ಒಂದು ಬಟ್ಟೆ ತೆಗೆದು ತಾವೂ ಹಿಂಡಿದರು. ಆಮೇಲೆ — "ಬೆರಳು ಇಟ್ರೆ ಆ ಟ್ರ್ಯಾಕ್ಟ್ರು ಎದ್ರುಗೆ ಬಂದ್ ನಿಂತ್ಕತದೆ ಕಣೇ."

ಅಯ್ಯೋ, ಇದನ್ನು ಮೊದಲೇ ಹೇಳಬಾರದಿತ್ತಾ! ಆರಿಸುತ್ತಾ ಇರುವಷ್ಟು ದಿನ ಹತ್ತಬೇಕಾಗಿಲ್ಲ. ಅದಕ್ಕೇ ಸೀಟು ಎತ್ತರ, ಅದಕ್ಕೇ ಅಗಲ ಜಾಸ್ತಿ. ನನ್ನ ಭಾನುವಾರಗಳೆಲ್ಲ ಅದಕ್ಕೇ ಹೋದವು. ಸಿಟ್ಟು ಬಂತು. ಪಾಪ ಅನ್ನಿಸಿತು. ಎರಡೂ ಒಟ್ಟಿಗೆ.

"ಹಂಗಾದ್ರೆ ಬೇಡ ಬಿಡಿ" ಅಂದೆ.

"ಬೇಕು" ಅಂದರು.

ಏನು ಮಾಡಲಿ ಇವರನ್ನು... ಇನ್ನು ಪಿತೃಪಕ್ಷ, ಹೊಸದೇನೂ ತರುವ ಹಾಗಿಲ್ಲ. ಸದ್ಯ.

ಅಕ್ಟೋಬರ್ 11, ಆಯುಧಪೂಜೆ

ತಂದೆವು. ಚಿಕ್ಕದನ್ನೇ. ನಾನೇ ಆರಿಸಿದ್ದು. ಆ ಅಂಗಡಿಯಲ್ಲಿ ಇನ್ನೊಂದು ಸುತ್ತು ನಿಲ್ಲುವ ಶಕ್ತಿ ನನಗಿರಲಿಲ್ಲ. ಕೂತರೆ ಇವರ ಎರಡೂ ಪಾದ ನೆಟ್ಟಗೆ ಇಡಬಹುದು, ರಿವರ್ಸ್ ಇದೆ, ಕಬ್ಬಿನ ನಡುವೆ ಹಿಡಿಸುತ್ತದೆ. ಮತ್ತೆ ಮಣಿಕಟ್ಟಿಗೆ ಕಟ್ಟಿಕೊಳ್ಳುವ ಒಂದು ದಾರ. ಬಿದ್ದರೆ ದಾರ ಕಿತ್ತುಕೊಂಡು ಇಂಜಿನ್ ತಾನೇ ನಿಲ್ಲುತ್ತದೆ. ನನಗೆ ಹಿಡಿಸಿದ್ದು ಆ ದಾರ.

ಕುಂಬಳಕಾಯಿ ಒಡೆದು, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಾಯಿತು. ಪುಟ್ಟರಾಜು ಇವರತ್ತ ತಿರುಗಿದ. ಅತ್ತೆ ಅಡ್ಡ ಬಂದರು. "ಯಾರ್ ಎಸ್ರಲ್ಲಿ ಅದೆಯೋ ಅವ್ರೇ ನಿಂಬೆಅಣ್ಣ್ ಅತ್ತುಸ್ಬೇಕು." ಅಂದರೆ ನಾನು. ರೇಷ್ಮೆ ಸೀರೆಯಲ್ಲಿ! ಸ್ಕೂಟಿ ಬಿಟ್ಟರೆ ಬೇರೆ ಗಾಡಿ ಮುಟ್ಟಿದವಳಲ್ಲ. ಚೂಡಿದಾರ್ ಹಾಕಿಕೊಂಡು ಬಂದೆ. ಇವರು ದಾರ ಕಟ್ಟಿ, ಹೆಲ್ಮೆಟ್ ಬಿಗಿದರು. "ಮೆತ್ತುಗ್ ಒತ್ತು."

ಜಗ್ಗಿತು. ನಿಂಬೆಹಣ್ಣು ಪಚ್ ಅಂದವು. ತೋಟ ಒಂದು ಸುತ್ತು ಹಾಕಿ ಬಾ ಅಂದಿದ್ದರು. ಹಾಕಿದೆ. ಮನೆ ಕಡೆ ತಿರುಗಿಸಬೇಕಾದ ಕಡೆ ತಿರುಗಿಸಲಿಲ್ಲ. ಎತ್ತಿನಗಾಡಿ ಜಾಡು ಹಿಡಿದು, ಕಬ್ಬು ದಾಟಿ, ಕಲ್ಲುಗುಡ್ಡದ ಬುಡದವರೆಗೆ ಹೋಗಿ ಆಫ್ ಮಾಡಿದೆ. ಯಾರೂ ಇಲ್ಲ. ಯಾರೂ ಕೂಗಲಿಲ್ಲ. ಅಲ್ಲೇ ಕೂತು ಅತ್ತುಬಿಟ್ಟೆ. ದುಃಖಕ್ಕಲ್ಲ, ಸುಸ್ತಿಗೆ. ವರ್ಷದ ಸುಸ್ತು.

ವಾಪಸ್ ಬಂದರೆ ತೋಟದ ಪಂಪ್‌ಹೌಸ್ ಹತ್ತಿರ ಇವರು, ಕೋಲು ಊರಿಕೊಂಡು. ಫಿಸಿಯೋಥೆರಪಿಯವರು ಬೇಡಿಕೊಂಡರೂ ಅಂಗಳ ದಾಟಿ ನಡೆಯದಿದ್ದವರು. ಬೆವರಿ ನೀರಾಗಿದ್ದರು.

"ತಿರುವಲ್ಲಿ ಮೈನ ಒಳಕ್ ವಾಲುಸ್ಬೇಕು ಕಣೇ! ಕಂಬ ನೆಟ್ಟಂಗ್ ಕುಂತಿದೀಯಲ್ಲ."

ಅಕ್ಟೋಬರ್ 20, ಭಾನುವಾರ

ಬೆಳಿಗ್ಗೆ ಹೋಗಿ ಬಂದೆ. ಇವರು ಹುಣಸೆಮರದವರೆಗೆ ನಡೆದು ಬಂದು ಅಲ್ಲಿಂದಲೇ ಅರಚಾಟ. ಕಲ್ಲು ಬಂದರೆ ಎದ್ದು ನಿಲ್ಲಬೇಕಂತೆ, ಮಂಡಿ ಸಡಿಲ ಬಿಡಬೇಕಂತೆ. ನಿಂತೆ. ನಿಂತರೆ ಕಲ್ಲು ಬೆನ್ನಿಗೆ ಬಡಿಯುವುದಿಲ್ಲ. ಹೌದಲ್ಲ!

ನವೆಂಬರ್ 6, ಬುಧವಾರ

ಲ್ಯಾಬ್. ರೈಲು. ನಿಂತೇ ಬಂದೆ. ಕಾಲು ಬಿದ್ದುಹೋಗಿದೆ. ಭಾನುವಾರಕ್ಕೆ ಇನ್ನೂ ನಾಲ್ಕು ದಿನ ಇದೆ.

ನವೆಂಬರ್ 10, ಭಾನುವಾರ

ಹಳ್ಳದಲ್ಲಿ ಸಿಕ್ಕಿಕೊಂಡೆ. ಚಕ್ರ ತಿರುಗುತ್ತದೆ, ಗಾಡಿ ಬರುವುದಿಲ್ಲ. ಪುಟ್ಟರಾಜು ಹಗ್ಗ ಹಾಕಿ ಎಳೆದ. ಮೂಗಿನವರೆಗೆ ಕೆಸರು ನನಗೆ. ಇವರು ದಂಡೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗು ಕೇಳಿ ಎಷ್ಟು ದಿನವಾಗಿತ್ತು! ಬೈದೆ. ಬೈಯುತ್ತಾ ನಾನೂ ನಕ್ಕೆ. ಮನೆಗೆ ಬಂದು ಇವರೇ ಗಾಡಿ ತೊಳೆದರು.

ನವೆಂಬರ್ 24, ಭಾನುವಾರ, ಬೆಳಿಗ್ಗೆ

ಹೆಲ್ಮೆಟ್ ಹಾಕಿಕೊಂಡು ಹೊರಬಂದರೆ ಇವರು ಗಾಡಿಯ ಪಕ್ಕದಲ್ಲಿ. ಶೂ ಹಾಕಿದ್ದರು. ಕೈ ಚಾಚಿದರು.

"ಕೀ ಕೊಡು."

ಆಗಸ್ಟಿನಿಂದ ನಾನು ಕಾದಿದ್ದೇ ಇದಕ್ಕೆ. ಆದರೆ ಮುಷ್ಟಿ ಬಿಚ್ಚಲಿಲ್ಲ. ಇದು ನನ್ನ ಭಾನುವಾರ, ನನ್ನ ಗುಡ್ಡ, ನನ್ನ ಹೆಸರಿನ ಗಾಡಿ... ಥೂ, ಎಂಥ ಹೆಂಗಸು ನಾನು ಅನ್ನಿಸಿತು. ಅನ್ನಿಸಿದರೂ ಕೊಡಲು ಮನಸ್ಸಾಗಲಿಲ್ಲ. ಚಾಚಿದ ಕೈಯಲ್ಲೇ ಅವರ ಹೆಬ್ಬೆರಳು ಇಲ್ಲದ ಥ್ರಾಟಲ್ ಒತ್ತಿ ನೋಡುತ್ತಿತ್ತು. ಅದನ್ನು ನೋಡಿ ಕೊಟ್ಟೆ. ನಾನೇ ಮಣಿಕಟ್ಟಿಗೆ ದಾರ ಕಟ್ಟಿದೆ, ಎರಡು ಗಂಟು.

ಬಹಳ ಹೊತ್ತು ಬೆರಳು ಇಟ್ಟುಕೊಂಡು ಕೂತರು. "ಟ್ರ್ಯಾಕ್ಟ್ರು ಬಂತಾ?" ಅಂದೆ. "ಬಂತು. ಪಕ್ಕದಲ್ಲಿ ಓಯ್ತೀನಿ" ಅಂದರು. ಹೋದರು.

ಅತ್ತೆ ಗದ್ದೆಗೆ ಹೋಗಿದ್ದಾರೆ. ಮನೆ ಖಾಲಿ. ಯಾರೂ ಕೂಗುತ್ತಿಲ್ಲ. ಕಾಫಿ ಮಾಡಿಕೊಂಡು ಜಗಲಿಯಲ್ಲಿ ಕೂತಿದ್ದೇನೆ, ಬೇಕು ಬೇಕು ಅಂದಿದ್ದ ಹಾಗೇ. ಕಿವಿ ಮಾತ್ರ ಗುಡ್ಡದ ಕಡೆ.

ಸದ್ದು ನಿಂತಿತು.

ಎದ್ದು ನಿಂತೆ. ಕಾಫಿ ಚೆಲ್ಲಿತು. ಹುಣಸೆಮರದ ಆಚೆಗೇ ಇರಬೇಕು, ಹಳ್ಳದ ಹತ್ತಿರ... ಇಲ್ಲ. ಮತ್ತೆ ಸ್ಟಾರ್ಟ್ ಆಯಿತು. ವಾಪಸ್ ಬರುತ್ತಿಲ್ಲ, ಇನ್ನೂ ಆಚೆಗೆ ಹೋಗುತ್ತಿದೆ. ಹೋಗಲಿ. ಹೋಗಿ ಬರಲಿ. ಆದರೆ ಮುಂದಿನ ಭಾನುವಾರ ನನ್ನದು, ಬಂದ ತಕ್ಷಣ ಇವರಿಗೆ ಖಡಾಖಂಡಿತವಾಗಿ ಹೇಳಿಬಿಡಬೇಕು.