ನೀಲಿಗೆಂದು ಬಿಟ್ಟ ಚೌಕ

ಪೆಡನ,
ಕಾರ್ತಿಕ ಸೋಮವಾರ, ನವೆಂಬರ್ 18

ನನ್ನ ಮುದ್ದಿನ ಮಗಳು ಸುಗುಣಾ,

ಹೇಗಿದ್ದೀಯ? ಅಳಿಯಂದಿರ ಬೆನ್ನುನೋವು ಇಳಿಯಿತೇ? ಸೂರತ್ತಿನಲ್ಲಿ ಒಳ್ಳೆಯ ಗೋಂಗೂರ ಸೊಪ್ಪು ಸಿಗುವುದಿಲ್ಲವೆಂದು ಗೋಳಾಡಿದ್ದೆಯಲ್ಲ, ಒಂದು ಜಾಡಿ ಪಚ್ಚಡಿ ಮಾಡಿಟ್ಟಿದ್ದೇನೆ. ಆ ಕಡೆ ಬರುವವರು ಯಾರಾದರೂ ಇದ್ದರೆ ಹೇಳು.

ನಿಮ್ಮಪ್ಪನ ಪುಸ್ತಕ ಬಂತು. ಜೀವಮಾನವೆಲ್ಲ ಕಲಂಕಾರಿ ಬಟ್ಟೆಗೆ ಬಣ್ಣ ಹಾಕಿದ ಮನುಷ್ಯ, ಯಾವ ಬೇರಿಗೆ ಯಾವ ಬಣ್ಣ ಎಂದು ಎಲ್ಲವನ್ನೂ ಬರೆದಿದ್ದಾರೆ. ನನಗೂ ಹೆಮ್ಮೆಯೇ. ಆದರೆ ಅದನ್ನು ಅಚ್ಚು ಹಾಕಿದ ಹೈದರಾಬಾದಿನ ಕಂಪನಿಯವನು ಮೊದಲು ಫೋನಿನಲ್ಲಿ, "ಸಾವಿರ ಪ್ರತಿ ಹಾಕ್ಸಿ ಅಟ್ಟದ ಮೇಲೆ ಇಡೋ ಕಾಲ ಹೋಯ್ತು ಮಾಸ್ಟರ್‌ಗಾರು, ಯಾರಾದ್ರೂ ಕೇಳಿದ್ರೆ ಒಂದೇ ಒಂದು ಅಚ್ಚು ಹಾಕಿ ಅವರ ಮನೆಗೇ ಕಳಿಸ್ತೀವಿ, ನಿಮಗೇನೂ ಖರ್ಚಿಲ್ಲ" ಎಂದು ಬೆಣ್ಣೆ ಹಚ್ಚಿದ. ಖರ್ಚು ಆಮೇಲೆ ಶುರುವಾಯಿತು. ಪುಟ ಜೋಡಿಸಲು ಇಷ್ಟು, ರಕ್ಷಾಪುಟಕ್ಕೆ ಅಷ್ಟು, ತಪ್ಪು ತಿದ್ದಿದರೆ ಮತ್ತಷ್ಟು. ಒಂದೇ ಒಂದು ಪುಟ ಬಣ್ಣದ್ದಾದರೂ ಇಡೀ ಪುಸ್ತಕಕ್ಕೆ ಬಣ್ಣದ ದರವಂತೆ! ಪ್ರತಿಗೆ ಒಂಬೈನೂರು ರೂಪಾಯಿ ಕೊಟ್ಟು ಯಾರು ಕೊಳ್ಳುತ್ತಾರೆ? ಬಣ್ಣ ಬಿಟ್ಟರೆ ಬಣ್ಣದ ಪುಸ್ತಕ ಯಾರಿಗೆ ಬೇಕು? ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು.

ಕೊನೆಗೆ ಇವರೇ ಒಂದು ಉಪಾಯ ಹೂಡಿದರು. ಬರೀ ಕಪ್ಪಿನಲ್ಲಿ ಅಚ್ಚು ಹಾಕಿಸಿ, ಬಣ್ಣದ ಜಾಗದಲ್ಲಿ ಅದರ ಹೆಸರಷ್ಟೇ ಇರುವ ಖಾಲಿ ಚೌಕ ಬಿಡಿಸಿದರು. ಅಲ್ಲಿ ತಾವೇ ಆಯಾ ಬಣ್ಣದ ಬಟ್ಟೆಯ ಚೂರು ಅಂಟಿಸುವುದು. ಹಾಗಾಗಿ ಯಾರು ಕೇಳಿದರೂ ಪುಸ್ತಕ ಮೊದಲು ಪೆಡನಕ್ಕೆ ಬರಬೇಕು, ನಾನು ಅಂಟಿಗೆ ಗಂಜಿ ಕಾಯಿಸಬೇಕು, ಇವರು ಅಂಟಿಸಿ ಒಣಗಿಸಿ ಮತ್ತೆ ಅಂಚೆಗೆ ಹಾಕಬೇಕು. ಸಾಗಣೆಗೇ ಎರಡೆರಡು ಸಲ ದುಡ್ಡು. "ಇದೇನ್ರೀ, ಪುಸ್ತಕ ಮಾರೋದಾ, ಇಲ್ಲಾ ಪುಸ್ತಕದ ಜೊತೆ ದುಡ್ಡೂ ಕಟ್ಟಿ ಕಳಿಸೋದಾ?" ಎಂದರೆ, "ನೀನು ಗಂಜಿ ನೋಡೇ, ತಳ ಹಿಡೀತಿದೆ" ಎನ್ನುತ್ತಾರೆ.

ನಿಮ್ಮಪ್ಪನ ಕಣ್ಣಿನ ಆಪರೇಷನ್‌ಗೆಂದು ನೀನು ಕಳಿಸಿದ ದುಡ್ಡು ಹೀಗೆಯೇ ಕರಗಿತು. ಸಂಕ್ರಾಂತಿಯೊಳಗೆ ಮಾಡಿಸದಿದ್ದರೆ ಉಳಿದ ದೃಷ್ಟಿಯೂ ಹೋಗುತ್ತದೆಂದು ಬೆಜವಾಡದ ಡಾಕ್ಟರು ಹೇಳಿದ್ದು ನಿನಗೆ ಗೊತ್ತಿದೆ. ಇವರದು ಒಂದೇ ಮಾತು: "ಕಾಣೋವಾಗ್ಲೇ ಅಂಟಿಸ್ಬೇಕು, ಆದಿ." ನನಗೆ ಸಿಟ್ಟೂ ಬರುತ್ತದೆ, ಅಳುವೂ ಬರುತ್ತದೆ.

ಮಕ್ಕಳಿಗೆ ಮುತ್ತು. ಅಳಿಯಂದಿರನ್ನು ಕೇಳಿದೆನೆಂದು ಹೇಳು. ನಿಮ್ಮ ಸಂಸಾರ ತಣ್ಣಗಿರಲಿ.

ನಿನ್ನ ಅಮ್ಮ,
ಆದಿಲಕ್ಷ್ಮಿ

ತಾ.ಕ.: ಅಂಚೆಯವರು ಬಾಗಿಲಲ್ಲಿದ್ದಾರೆ. ಮೇಲೆ ಬರೆಯಲು ಕೈ ಬರಲಿಲ್ಲ. ಇವತ್ತು ಬೆಳಿಗ್ಗೆ ನಿಮ್ಮಪ್ಪ ಅಂಗಳದ ಬಿಸಿಲಲ್ಲೇ ಕೂತು, 'ನೀಲಿ' ಎಂದಿರುವ ಚೌಕಕ್ಕೆಲ್ಲ ಕಪ್ಪು ಚೂರು ಅಂಟಿಸಿದ್ದಾರೆ. ನನ್ನ ಮುಂದೆ ಹಿಡಿದು, "ನೋಡೇ, ನಮ್ಮ ನೀಲಿ ಹೆಂಗೆ ಹೊಳೀತಿದೆ!" ಎಂದರು. ಹೌದು ಎಂದೆ. ನನ್ನ ಸರ ಅಡವಿಟ್ಟಾದರೂ ಮಾಡಿಸೋಣ, ಆದರೆ ನೀನು ಕರೆದರೆ ಮಾತ್ರ ಆಸ್ಪತ್ರೆಗೆ ಹೊರಡುತ್ತಾರೆ. ಸಂಕ್ರಾಂತಿಗೆಂದು ಕಾಯಬೇಡ, ಬಾ.