ಎರಡನೇ ಕಡೆಯ ದೀಪಗಳು

ಪಿರಿಯಾಪಟ್ಟಣ
ಗುರುವಾರ, ಫೆಬ್ರವರಿ 13, 2025

ರೀ,

ಕ್ಷೇಮವೇ ಎಂದು ಕೇಳಿ ಶುರುಮಾಡಬೇಕು. ಕೇಳಿದೆ ಅಂದುಕೊಳ್ಳಿ. ಫೋನ್ ಮಾಡಿದರೆ ನೀವು ಎತ್ತುವುದಿಲ್ಲ, ಅದಕ್ಕೇ ಹುಣಸೂರಿಗೆ ಹೊರಟಿರುವ ಸಣ್ಣಯ್ಯನ ಕೈಲಿ ಈ ಕಾಗದ. ನಿಮ್ಮ ಅಣ್ಣನ ಅಂಗಡಿಯಲ್ಲಿ ಮೋಟರ್ ಕಾಯಿಲ್ ಸುತ್ತುವುದರ ನಡುವೆ ಪುರುಸೊತ್ತಾದರೆ ಓದಿ.

ವಿಷಯ ಕೆಲಸದ್ದು. ಕುಶಾಲನಗರದ ಹೋಂಸ್ಟೇಯವರ, ಇಬ್ಬರು ಎದುರುಬದುರು ಆಡುವ ವಿಡಿಯೋ ಗೇಮ್ ಪೆಟ್ಟಿಗೆಯನ್ನು ಅರ್ಧಕ್ಕೆ ಬಿಟ್ಟು ಹೋದಿರಲ್ಲ, ಅದನ್ನು ನಾನೇ ಮುಗಿಸುತ್ತಿದ್ದೇನೆ. ನೀವು ತಂತಿ ಎಳೆದಿದ್ದ ಮೊದಲನೇ ಆಟಗಾರನ ಕಡೆ ಗುಂಡಿಗಳೊಳಗಿನ ಎಲ್‌ಇಡಿ ದೀಪಗಳೆಲ್ಲ ಹತ್ತಿದವು. ಎರಡನೇ ಕಡೆ ಒಂದೂ ಹತ್ತುವುದಿಲ್ಲ. ಹೊಸದಾಗಿ ಹಾಕಿದ ಬೋರ್ಡ್ ಚೆನ್ನಾಗಿದೆ, ಕರೆಂಟ್ ಬರುತ್ತಿದೆ, ದೀಪಗಳ ಪ್ಲಸ್, ಮೈನಸ್ ಕಾಲು ಅದಲುಬದಲಾಗಿಲ್ಲ. ಭಾನುವಾರ ಅವರು ಪೆಟ್ಟಿಗೆ ಒಯ್ಯಲು ಗಾಡಿ ತರುತ್ತಾರೆ. ಅಷ್ಟರೊಳಗೆ ನೀವು ಒಮ್ಮೆ ಬಂದು ನೋಡಬೇಕು.

ಅವತ್ತು ಐದು ವೋಲ್ಟಿನ ಹಳೇ ಬೋರ್ಡಿಗೆ ಹನ್ನೆರಡು ಕೊಟ್ಟು ಸುಟ್ಟಿರಿ ಎಂದು ಗಿರಾಕಿಯ ಎದುರಿಗೇ ಅಂದೆ. ಸುಟ್ಟದ್ದು ನಿಜ, ಈಗ ಕೇಳಿದರೂ ಅದನ್ನೇ ಅನ್ನುತ್ತೇನೆ. ಅಷ್ಟಕ್ಕೇ ನೀವು "ಎಲ್ಲಾ ನೀನೇ ಮಾಡ್ಕೋ ಬುಡು, ನಾನ್ಯಾಕ್ ಬೇಕು" ಅಂತ ಬ್ಯಾಗು ಹೆಗಲಿಗೇರಿಸಿ ಬಸ್ ಹತ್ತಿದಿರಿ. ಯಾಕೆ ಬೇಕು ಅನ್ನುವುದಕ್ಕೆ ಉತ್ತರ ನನ್ನ ಹತ್ತಿರ ಇತ್ತು ರೀ. ಸಿಟ್ಟಿನಲ್ಲಿ ಬಾಯಿಗೆ ಬರಲಿಲ್ಲ.

ಈ ಪೆಟ್ಟಿಗೆಯನ್ನು ಪರೀಕ್ಷೆ ಮಾಡಲು ಇಬ್ಬರು ಬೇಕು. ನಾನು ಎಡಗೈ ಒಂದು ಕಡೆ, ಬಲಗೈ ಇನ್ನೊಂದು ಕಡೆ ಇಟ್ಟುಕೊಂಡು ಆಡುತ್ತೇನೆ. ಗೆದ್ದವಳೂ ನಾನೇ, ಸೋತವಳೂ ನಾನೇ. ನೀವಿದ್ದಾಗ ಸೋತರೆ ಗುಂಡಿ ಸರಿಯಿಲ್ಲ ಅಂತ ತಕರಾರು ತೆಗೆಯುತ್ತಿದ್ದಿರಿ. ಈಗ ತಕರಾರಿಗೂ ಜನವಿಲ್ಲ. ಪರದೆಯ ಸದ್ದು ನಿಲ್ಲಿಸಿದರೆ ಮನೆ ಭಣಭಣ ಅನ್ನುತ್ತದೆ.

ಪಕ್ಕದ ಮನೆ ಪುಟ್ಟತಾಯಮ್ಮ ನಿನ್ನೆ ಸಾರು ಕೇಳಲು ಬಂದವರು, ತಟ್ಟೆಯಲ್ಲಿದ್ದ ಎರಡು ಮುದ್ದೆ ನೋಡಿ, "ಯಾರ್ ಬತ್ತಾರವ್ವ ಊಟಕ್ಕೆ?" ಅಂದರು. ಕೈ ತಪ್ಪಿ ಕಟ್ಟಿದೆ ಅಂದೆ. "ದಿನಾ ತಪ್ಪುತ್ತಾ ಅಂಗೆ?" ಅಂದರು. ನನಗೆ ಅಳು ಬಂತು, ಒಲೆಯ ಕಡೆ ತಿರುಗಿಕೊಂಡೆ.

ಕೆಲಸದ ವಿಷಯ ಬರೆಯಲು ಕೂತು ಏನೇನೋ ಬರೆದೆ. ಆ ದೀಪಗಳ ಗತಿ ಏನು ಅಂತ ಬಂದು ನೋಡಿ, ಅಷ್ಟೇ.

ಸಿಟ್ಟು ಇನ್ನೂ ಪೂರ್ತಿ ಇಳಿಯದ ನಿಮ್ಮ
ಪವಿತ್ರಾ

ಇನ್ನೊಂದು ಮಾತು: ಗಣಪತಿ ಪೆಂಡಾಲಿಗೆ ಸೀರಿಯಲ್ ಸೆಟ್ ಕಟ್ಟಿ ಕಟ್ಟಿ ರೂಢಿಯಾದ ಕೈ ನಮ್ಮದು. ಅದೇ ರೂಢಿಯಲ್ಲಿ ಎರಡನೇ ಕಡೆಯ ದೀಪಗಳನ್ನು ಒಂದರ ಬಾಲಕ್ಕೆ ಒಂದು ಸೇರಿಸಿಬಿಟ್ಟಿದ್ದೆ. ಈ ಬೋರ್ಡಿನಲ್ಲಿ ಪ್ರತಿ ದೀಪಕ್ಕೂ ಬೇರೆ ತಂತಿ ಎಳೆಯಬೇಕು. ಬೆಳಿಗ್ಗೆಯೇ ಗೊತ್ತಾಯಿತು, ಸರಿಮಾಡಿದೆ, ಎಲ್ಲವೂ ಹತ್ತಿದವು. ಒಬ್ಬಳೇ ನಿಂತು ನೋಡಿದೆ. ಆಮೇಲೆ ಒಂದೊಂದಾಗಿ ಆ ಕಡೆಯ ಎಲ್ಲ ತಂತಿ ಬಿಚ್ಚಿಟ್ಟು ಈ ಕಾಗದ ಬರೆಯಲು ಕೂತೆ.