ಸುಗ್ಗಿಹಬ್ಬದ ಕುಂಬಳಕಾಯಿ

ನೋಡ್ರಿ,

ಚರ್ಚಿಗೆ ಕೊಡೂ ಕುಂಬಳಕಾಯಿ ಬಾಗಲದಾಗ ಐತಿ. ನಾ ಬರೂತನಕ ಅದನ್ನ ಮುಟ್ಟಬ್ಯಾಡ್ರಿ.

ಗಬ್ಬೂರಿಗೆ, ನಿಮ್ಮ ಅಣ್ಣನ ಮನಿಗೆ, ವೈನಿ ಕಡೆ ಹೊಂಟೇನಿ. ಕಾಣಿಕಿ ಅಲ್ಲೇ ಬಿಟ್ಟು ಮೊದಲ ಹೋಗಿ ರಾಜಿ ಆಗು ಅನ್ನೂ ವಾಕ್ಯಾನ, ಇವತ್ತ ಚರ್ಚಿನ್ಯಾಗ ಓದಬೇಕಂತ, ನೀವು ವಾರಗಟ್ಟಲೆ ಕನ್ನಡಿ ಮುಂದ ಓದೇ ಓದಿದ್ರಿ. ಒಳಗ ರೊಟ್ಟಿ ಬಡ್ಯಾಕತ್ತಿದ್ದ ನನಗ ಅದು ಚುಚ್ಚತು. ತಪ್ಪು ಯಾರದು ಅಂತ ಯೇಸುಸ್ವಾಮಿ ಕೇಳೇ ಇಲ್ಲ, ಅದ ನನಗ ಸಿಟ್ಟು. ಅತ್ತಿಯವರನ್ನ ಮಣ್ಣು ಮಾಡಿದ ದಿನ ಜಗಳಾಡಿದ ಮ್ಯಾಲೆ ಆಕಿ ಮಾರಿ ನೋಡಿಲ್ಲ. ಬಾಗಲಾ ತೆಗೀತಾಳೋ ಇಲ್ಲೋ, ಗೊತ್ತಿಲ್ಲ.

ಉಪ್ಪಿಟ್ಟು ಡಬ್ಬ್ಯಾಗ ಐತಿ. ಬಿಪಿ ಗುಳಿಗಿ ತಗೊಳ್ರಿ. ಚಸ್ಮಾ ಮರೀಬ್ಯಾಡ್ರಿ.

ಆಕಿ ಬಂದ್ರ ಇಬ್ರೂ ಕೂಡಿ ಕಾಯಿ ಹೊತ್ಕೊಂಡು ಚರ್ಚಿಗೆ ಬರ್ತೇವಿ. ನಾ ಒಬ್ಬಾಕಿನ ಬರಿಗೈಲೆ ಬಂದು ಹಿಂದ ಕುಂತಿದ್ರ, ಓದೂಮುಂದ ನನ್ನ ಕಡೆ ನೋಡಬ್ಯಾಡ್ರಿ.

ಸುಗುಣಾ